ಓಟಿ ಸಿಸ್ಟರ್‌ಗೆ ಅರಿವಳಿಕೆಯಲ್ಲಿ ಡಾಕ್ಟರೇಟ್: ಬಳ್ಳಾರಿಯಿಂದ ದಾರಿ ಯಾವುದು?

ಬಳ್ಳಾರಿ_ಓಟಿ:

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಆಗಿದೆ. ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಓಟಿಯಲ್ಲಿ (ಆಪರೇಷನ್ ಥಿಯೇಟರ್) 4 ವರ್ಷದ ಕೆಲಸ. ಅಮೆರಿಕದಲ್ಲಿ ನರ್ಸ್‌ಗಳೇ ಅರಿವಳಿಕೆ ಕೊಡುತ್ತಾರೆ, ಈಗ ಅದಕ್ಕೆ ಡಾಕ್ಟರೇಟ್ ಬೇಕೇ ಬೇಕು ಅಂತ ಕೇಳಿದೆ. ಇಲ್ಲೇ ಎಂ.ಎಸ್ಸಿ. ನರ್ಸಿಂಗ್, ಪಿಎಚ್‌ಡಿ ಮುಗಿಸಿಕೊಂಡು ಹೋದರೆ ಅಲ್ಲಿ ವರ್ಷ ಉಳಿಯುತ್ತಾ? ಓಟಿ ಅನುಭವ ಲೆಕ್ಕಕ್ಕೆ ಬರುತ್ತಾ? ಡಿಎನ್‌ಪಿ, ಡಿಎನ್‌ಎಪಿ, ಪಿಎಚ್‌ಡಿ ಅಂತಾರಲ್ಲ, ಯಾವುದು ಹಿಡಿದರೆ ಮುಂದೆ ಯಾವ ಕೆಲಸ? ಇನ್ನೊಂದು: ತಂಗಿ ಬಿ.ಎಸ್ಸಿ. ಅನಸ್ತೇಶಿಯಾ ಟೆಕ್ನಾಲಜಿ ಓದುತ್ತಿದ್ದಾಳೆ, ಅವಳಿಗೂ ಈ ದಾರಿ ಇದೆಯಾ?

ವೆಂಟಿಲೇಟರ್_ಪಕ್ಕ:

ಸಿಸ್ಟರ್, ತಂಗಿಯ ವಿಷಯ ಮೊದಲು ಮುಗಿಸಿಬಿಡೋಣ. ಅನಸ್ತೇಶಿಯಾ ಟೆಕ್ನಾಲಜಿ ಒಳ್ಳೆ ಕೋರ್ಸೇ, ಆದರೆ ಅದು ನರ್ಸಿಂಗ್ ಅಲ್ಲ. ಅದರ ಮೇಲೆ ನರ್ಸ್ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದೆ ಅಮೆರಿಕದ ನರ್ಸ್ ಅನಸ್ತೆಟಿಸ್ಟ್ (ಸಿಆರ್‌ಎನ್‌ಎ) ದಾರಿ ಶುರುವಾಗುವುದೇ ಇಲ್ಲ. ಹೆಸರಲ್ಲಿ ಅನಸ್ತೇಶಿಯಾ ಇದೆ ಅಂತ ಎಷ್ಟೋ ಮಕ್ಕಳು ಪಿಯುಸಿ ಮುಗಿದ ಕೂಡಲೇ ಇಲ್ಲಿ ದಾರಿ ತಪ್ಪುತ್ತಾರೆ. ಅವಳಿಗೆ ಸಿಆರ್‌ಎನ್‌ಎ ಆಗಲೇಬೇಕು ಅನ್ನಿಸಿದರೆ ಮತ್ತೆ ನರ್ಸಿಂಗ್‌ನಿಂದಲೇ ಶುರುಮಾಡಬೇಕು.

ಈಗ ನಿಮ್ಮದು. ಡಾಕ್ಟರೇಟ್ ಕಡ್ಡಾಯ ಅನ್ನುವುದು ನಿಜ. ಅರಿವಳಿಕೆ ಪ್ರೋಗ್ರಾಮ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ ಸಿಒಎ. ಅದರ ನಿಯಮದಂತೆ 2022ರ ಜನವರಿ 1ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಪ್ರೋಗ್ರಾಮ್‌ಗೇ ಸೇರಬೇಕು. ಕನಿಷ್ಠ 36 ತಿಂಗಳು, ಕನಿಷ್ಠ 600 ಕೇಸು, 2,000 ಕ್ಲಿನಿಕಲ್ ಗಂಟೆ. ಅದಕ್ಕೂ ಮೊದಲು ಮಾಸ್ಟರ್ಸ್‌ನಲ್ಲಿ ಪಾಸಾದವರು ಹಾಗೆಯೇ ಕೆಲಸ ಮುಂದುವರಿಸುತ್ತಿದ್ದಾರೆ, ಅವರಿಗೆ ಈ ಕಡ್ಡಾಯ ಇಲ್ಲ.

ಆದರೆ ನಿಮ್ಮ ಬಂಡಿ ನಿಲ್ಲುವುದು ಡಾಕ್ಟರೇಟ್ ಹತ್ತಿರ ಅಲ್ಲ, ಅದಕ್ಕೂ ಹಿಂದೆ, ಐಸಿಯು ಹತ್ತಿರ. ಪ್ರೋಗ್ರಾಮ್ ಸೇರಲು ಬ್ಯಾಚಲರ್ ಪದವಿ ಬೇಕು, ಅದು ನಿಮಗಿದೆ. ಅಮೆರಿಕದ ನರ್ಸಿಂಗ್ ಲೈಸೆನ್ಸ್ ಬೇಕು. ಅದರ ಮೇಲೆ ಕನಿಷ್ಠ ಒಂದು ವರ್ಷ ಪೂರ್ಣಾವಧಿ ಕ್ರಿಟಿಕಲ್ ಕೇರ್ ಅನುಭವ ಬೇಕು, ಅದೂ ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ಹೊರಗಿರುವ ಅದರ ಮಿಲಿಟರಿ ಆಸ್ಪತ್ರೆಯಲ್ಲಿ ಮಾಡಿದ್ದಾಗಿರಬೇಕು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇರಲಿ, ರಾಯಚೂರಿನ ರಿಮ್ಸ್ ಇರಲಿ, ಇಲ್ಲಿ ಐಸಿಯುನಲ್ಲಿ ಹತ್ತು ವರ್ಷ ದುಡಿದರೂ ಆ ಒಂದು ವರ್ಷದ ಲೆಕ್ಕಕ್ಕೆ ಅದು ಬರುವುದಿಲ್ಲ.

ಓಟಿ ಅನುಭವವೂ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಓಟಿಯಲ್ಲಿ ಸ್ಕ್ರಬ್, ಸರ್ಕ್ಯುಲೇಟಿಂಗ್ ಮಾಡುವಾಗ ರೋಗಿಯ ಬಿಪಿ ಬಿದ್ದರೆ ನಿರ್ಧಾರ ಅರಿವಳಿಕೆ ವೈದ್ಯರದು. ಪ್ರೋಗ್ರಾಮ್‌ನವರು ನೋಡುವುದು ವೆಂಟಿಲೇಟರ್ ಮೇಲಿರುವ, ಆರ್ಟೀರಿಯಲ್ ಲೈನ್ (ಬಿಪಿ ಸತತ ಅಳೆಯಲು ರಕ್ತನಾಳದಲ್ಲಿಟ್ಟ ನಳಿಕೆ) ಇರುವ, ಬಿಪಿ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಓಡುತ್ತಿರುವ ರೋಗಿಯನ್ನು ಹಾಸಿಗೆ ಪಕ್ಕ ನಿಂತು ನಿಮಿಷ ನಿಮಿಷಕ್ಕೂ ನೀವೇ ಸಂಭಾಳಿಸಿದ್ದೀರಾ ಅಂತ.

ಹಾಗಾಗಿ ಇಲ್ಲಿ ಎಂ.ಎಸ್ಸಿ., ಪಿಎಚ್‌ಡಿ ಮಾಡಿದರೆ ಅಲ್ಲಿ 36 ತಿಂಗಳಲ್ಲಿ ಏನೂ ಕಡಿತ ಆಗುವುದಿಲ್ಲ. ಪಾಠ ಮಾಡುವ ಆಸೆಯಿದ್ದರೆ ಅವು ಚಿನ್ನದಂಥ ಪದವಿಗಳು. ಸಿಆರ್‌ಎನ್‌ಎಗೆ ಮೆಟ್ಟಿಲು ಅಂತ ಮಾತ್ರ ಹತ್ತಬೇಡಿ.

ಟ್ರೇನ್_ಆಫ್_ಫೋರ್:

ಮೂರು ಡಾಕ್ಟರೇಟ್‌ಗಳ ಬಗ್ಗೆ. ಡಿಎನ್‌ಪಿ ಅಂದರೆ ನರ್ಸಿಂಗ್ ವೃತ್ತಿಯ ಡಾಕ್ಟರೇಟ್, ನರ್ಸಿಂಗ್ ಕಾಲೇಜು ಕೊಡುತ್ತದೆ. ಡಿಎನ್‌ಎಪಿ ಅರಿವಳಿಕೆಯ ವೃತ್ತಿಗೇ ಮೀಸಲಾದದ್ದು, ಎಷ್ಟೋ ಕಡೆ ನರ್ಸಿಂಗ್ ಕಾಲೇಜಿನ ಹೊರಗಿನ ವಿಭಾಗ ನಡೆಸುತ್ತದೆ. ಥಿಯೇಟರ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ: ಬರೆಯುವ ಪರೀಕ್ಷೆ ಒಂದೇ (ಎನ್‌ಸಿಇ, ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೊಡುವ ಕಂಪ್ಯೂಟರ್ ಪರೀಕ್ಷೆ, 100ರಿಂದ 170 ಪ್ರಶ್ನೆ, 3 ಗಂಟೆ), ಲೈಸೆನ್ಸ್ ಒಂದೇ, ಸಂಬಳ ಒಂದೇ. ವ್ಯತ್ಯಾಸ ಕಾಣುವುದು ಆಮೇಲೆ. ನರ್ಸಿಂಗ್ ಕಾಲೇಜಿನಲ್ಲಿ ಕಾಯಂ ಪ್ರಾಧ್ಯಾಪಕ ಹುದ್ದೆ ಬೇಕು ಅನ್ನಿಸಿದಾಗ ಕೆಲವು ಕಡೆ ‘ಡಾಕ್ಟರೇಟ್ ನರ್ಸಿಂಗ್‌ನಲ್ಲೇ ಇರಲಿ’ ಅನ್ನುತ್ತಾರೆ. ಪಾಠದ ಕಡೆ ಸ್ವಲ್ಪವಾದರೂ ಮನಸ್ಸಿದ್ದರೆ ಡಿಎನ್‌ಪಿ ಹಿಡಿಯುವುದು ಕ್ಷೇಮ.

ಪಿಎಚ್‌ಡಿ ಬೇರೆಯೇ ಜಾತಿ. ಅದು ಸಂಶೋಧಕರನ್ನು ತಯಾರಿಸುತ್ತದೆ, ಅನುದಾನ ತರುವುದು, ಹೊಸ ಜ್ಞಾನ ಹುಟ್ಟಿಸುವುದು ಅದರ ಕೆಲಸ. ಬರೀ ಪಿಎಚ್‌ಡಿಯಿಂದ ಯಾರೂ ಸಿಆರ್‌ಎನ್‌ಎ ಆಗುವುದಿಲ್ಲ.

ಡಾಕ್ಟರೇಟ್ ಆದಮೇಲೆ ಬಹುತೇಕರು ಥಿಯೇಟರ್‌ನಲ್ಲೇ ಉಳಿಯುತ್ತಾರೆ: ದೊಡ್ಡ ಆಸ್ಪತ್ರೆ, ಡೇ ಕೇರ್ ಸರ್ಜರಿ ಸೆಂಟರ್, ಹಳ್ಳಿಗಾಡಿನ ಸಣ್ಣ ಆಸ್ಪತ್ರೆ. ಹಳ್ಳಿ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಇರುವವರೇ ಸಿಆರ್‌ಎನ್‌ಎ. 2001ರಲ್ಲಿ ಸಿಆರ್‌ಎನ್‌ಎ ಮೇಲೆ ವೈದ್ಯರ ಮೇಲ್ವಿಚಾರಣೆ ಬೇಕೆನ್ನುವ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಷರತ್ತಿನಿಂದ ಹೊರಬರಲು ರಾಜ್ಯಗಳಿಗೆ ಅವಕಾಶ ಕೊಟ್ಟರು, ಅಯೋವಾ ಮೊದಲು ಹೊರಬಂತು. ಕೆಲವರು ಪ್ರಾದೇಶಿಕ ಅರಿವಳಿಕೆ, ನೋವು ಚಿಕಿತ್ಸೆ, ಮಕ್ಕಳ ಅರಿವಳಿಕೆಯಲ್ಲಿ ಫೆಲೋಶಿಪ್ ಮಾಡುತ್ತಾರೆ. ಕೆಲವರು ಚೀಫ್ ಆಗುತ್ತಾರೆ, ಕೆಲವರು ಪಾಠಕ್ಕೆ ಹೋಗುತ್ತಾರೆ. ಪ್ರೋಗ್ರಾಮ್‌ನ ಮುಖ್ಯಸ್ಥರು ಡಾಕ್ಟರೇಟ್ ಇರುವ ಸಿಆರ್‌ಎನ್‌ಎ ಆಗಿರಲೇಬೇಕು. ದುಡ್ಡಿನ ಮಾತೂ ಬರಲಿ: 2023ರ ಮೇ ತಿಂಗಳ ಸರ್ಕಾರಿ ಅಂಕಿಯಂತೆ ನರ್ಸ್ ಅನಸ್ತೆಟಿಸ್ಟ್‌ಗಳ ಮಧ್ಯಮ ವಾರ್ಷಿಕ ವೇತನ 2,12,650 ಡಾಲರ್, ಸಾಮಾನ್ಯ ನರ್ಸ್‌ಗಳದ್ದು 86,070.

ಜನ ಹಗುರವಾಗಿ ತೆಗೆದುಕೊಂಡು ಸಿಕ್ಕಿಬೀಳುವುದು ಡಾಕ್ಟರಲ್ ಪ್ರಾಜೆಕ್ಟ್‌ನಲ್ಲಿ. ‘ಶಸ್ತ್ರಚಿಕಿತ್ಸೆ ನಂತರದ ತೊಂದರೆಗಳನ್ನು ತಗ್ಗಿಸುವುದು’ ಅಂತ ಸಂತೆಯಷ್ಟು ಅಗಲದ ವಿಷಯ ತರುತ್ತಾರೆ. ಅದು ಯಾವತ್ತೂ ಮುಗಿಯುವುದಿಲ್ಲ. ಒಳ್ಳೆ ವಿಷಯ ಇಷ್ಟೇ ಇರುತ್ತದೆ ನೋಡಿ: ಸ್ನಾಯು ಸಡಿಲಿಸುವ ರೋಕ್ಯುರೋನಿಯಂ ಕೊಟ್ಟ ರೋಗಿಯ ಉಸಿರಿನ ಟ್ಯೂಬ್ ತೆಗೆಯುವ ಮೊದಲು ಹೆಬ್ಬೆರಳಿನಲ್ಲಿ ಯಂತ್ರ ಇಟ್ಟು ಅಳೆದ ಟ್ರೇನ್ ಆಫ್ ಫೋರ್ ಅನುಪಾತ (ನರಕ್ಕೆ ನಾಲ್ಕು ಬಾರಿ ವಿದ್ಯುತ್ ಕೊಟ್ಟಾಗ ಮೊದಲ ಮಿಡಿತಕ್ಕೆ ಹೋಲಿಸಿದರೆ ನಾಲ್ಕನೆಯ ಮಿಡಿತದ ಬಲ) 0.9 ದಾಟಿದೆ ಅಂತ ಎಷ್ಟು ಚಾರ್ಟ್‌ಗಳಲ್ಲಿ ಬರೆದಿದ್ದಾರೆ? ಒಂದು ತಿಂಗಳ ಚಾರ್ಟ್ ಎಣಿಸಿ. ಸಿಬ್ಬಂದಿಗೆ ಅರ್ಧ ಗಂಟೆ ತರಬೇತಿ ಕೊಡಿ, ಚಾರ್ಟ್‌ನಲ್ಲಿ ಆ ಸಂಖ್ಯೆಗೊಂದು ಖಾನೆ ಹಾಕಿಸಿ, ಎರಡು ತಿಂಗಳು ಬಿಟ್ಟು ಮತ್ತೆ ಎಣಿಸಿ. ಕಣ್ಣಿನಲ್ಲಿ ಬೆರಳಿನ ಮಿಡಿತ ನೋಡಿ ‘ಸರಿಯಿದೆ’ ಅನ್ನುವುದು ಸಾಲದು. ಅನುಪಾತ 0.4 ದಾಟಿದ ಮೇಲೆ ನಾಲ್ಕು ಮಿಡಿತವೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹಾಗೆ ಟ್ಯೂಬ್ ತೆಗೆದ ರೋಗಿ ರಿಕವರಿಯಲ್ಲಿ ಉಸಿರಿಗೆ ಒದ್ದಾಡುತ್ತಾನೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘದ 2023ರ ಮಾರ್ಗಸೂಚಿಯೂ ಯಂತ್ರದ ಅಳತೆಯನ್ನೇ ಹೇಳುತ್ತದೆ. ಎಥಿಕ್ಸ್ ಸಮಿತಿಯ ಪತ್ರ ಕೈಗೆ ಬರುವ ಮೊದಲು ಒಂದು ಚಾರ್ಟ್ ಕೂಡ ಮುಟ್ಟಬೇಡಿ, ಮುಟ್ಟಿದರೆ ಆ ದತ್ತಾಂಶ ಬಳಸಲು ಬಿಡುವುದಿಲ್ಲ.

ಹಂಪಿ_ಎಕ್ಸ್‌ಪ್ರೆಸ್:

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ, ವರ್ಷಗಳು ಸೋರಿಹೋಗುವುದು ಅಲ್ಲೇ.

ಮೊದಲು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್‌ನಲ್ಲಿ ತಂದೆ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್‌ಗೆ ಬರೆಯುವ) ಪರೀಕ್ಷೆಗೆ ನೋಂದಣಿಯ ಹೆಸರು ಮತ್ತು ಪಾಸ್‌ಪೋರ್ಟ್ ಹೆಸರು ಹೊಂದದಿದ್ದರೆ ಸೆಂಟರ್ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಫೀಸೂ ಹೋಗುತ್ತದೆ. ಪಾಸ್‌ಪೋರ್ಟ್ ಮೊದಲು ಸರಿಮಾಡಿಸಿ, ಉಳಿದದ್ದೆಲ್ಲ ಅದರಂತೆ.

ಆಮೇಲೆ ಜಿಎನ್‌ಎಂ ಮತ್ತು ಪೋಸ್ಟ್ ಬೇಸಿಕ್ ಎರಡರ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ. ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ವಿಷಯವಾರು ಬೇರೆ ಬೇರೆ ಇರಬೇಕು: ಮೆಡಿಕಲ್ ಸರ್ಜಿಕಲ್, ಹೆರಿಗೆ, ಮಕ್ಕಳದು, ಮಾನಸಿಕ. ಒಟ್ಟು ಗಂಟೆ ಮಾತ್ರ ಬರೆದು ಕೊಟ್ಟರೆ ಅಮೆರಿಕದ ಕಡೆಯ ಪದವಿ ಪರಿಶೀಲನೆಯಲ್ಲಿ ವಾಪಸ್ ಬರುತ್ತದೆ. ಕೌನ್ಸಿಲ್‌ನ ವೆರಿಫಿಕೇಶನ್ ನೇರವಾಗಿ ಪರಿಶೀಲನಾ ಸಂಸ್ಥೆಗೇ ಹೋಗಬೇಕು, ನಿಮ್ಮ ಕೈಯಿಂದ ಹೋದ ಪ್ರತಿಗೆ ಬೆಲೆ ಇಲ್ಲ.

ಎನ್‌ಕ್ಲೆಕ್ಸ್ ಬೆಂಗಳೂರಿನಲ್ಲೇ ಬರೆಯಬಹುದು. 85ರಿಂದ 150 ಪ್ರಶ್ನೆ, 5 ಗಂಟೆ. ಫೀಸು 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150. ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ನೇರ ಪರೀಕ್ಷೆಗೆ ಕೂರಬೇಡಿ, ಹಿಂದಿನ ದಿನವೇ ಹೋಗಿ ಉಳಿಯಿರಿ.

ದೊಡ್ಡ ತೊಡಕು ಅಂದರೆ ವೀಸಾ. ನರ್ಸ್‌ಗಳು ಹೆಚ್ಚಾಗಿ ಹೋಗುವುದು ಇಬಿ-3 ಗ್ರೀನ್ ಕಾರ್ಡ್ (ಕೆಲಸದ ಆಧಾರದ ಕಾಯಂ ವಾಸದ ಅನುಮತಿ) ಮೇಲೆ. ಭಾರತದಲ್ಲಿ ಹುಟ್ಟಿದವರ ಸರದಿ ಅದರಲ್ಲಿ ಹತ್ತು ವರ್ಷಕ್ಕೂ ಹಿಂದೆ ಉಳಿದಿದೆ. ಆಸ್ಪತ್ರೆ ಅರ್ಜಿ ಹಾಕಿದ ದಿನವೇ ನಿಮ್ಮ ಸರದಿಯ ದಿನಾಂಕ. ಅರ್ಜಿ ಮಂಜೂರಾದ ಮೇಲೆ ಮಾಲೀಕರು ಬದಲಾದರೂ ಅದು ಸಾಮಾನ್ಯವಾಗಿ ಉಳಿಯುತ್ತದೆ, ಆದ್ದರಿಂದ ಆ ಮಂಜೂರಾತಿ ನೋಟಿಸಿನ ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ‘ಎರಡು ವರ್ಷದಲ್ಲಿ ಕಳಿಸುತ್ತೇವೆ, ಬಾಂಡ್‌ಗೆ ಸಹಿ ಹಾಕಿ’ ಅನ್ನುವ ಏಜೆಂಟರನ್ನು ದೂರ ಇಡಿ.

ಸ್ಟೂಡೆಂಟ್ ವೀಸಾದಲ್ಲಿ ಅಲ್ಲಿ ಎಂ.ಎಸ್.ಎನ್. (ನರ್ಸಿಂಗ್ ಮಾಸ್ಟರ್ಸ್) ಓದಿ, ಮುಗಿದಮೇಲೆ ಸಿಗುವ 12 ತಿಂಗಳ ಕೆಲಸದ ಅನುಮತಿಯಲ್ಲಿ ಐಸಿಯು ಅನುಭವ ಪಡೆಯುವ ದಾರಿಯೂ ಇದೆ. ಆದರೆ ಬಿಗಿ. ಐಸಿಯು ಕೆಲಸ ಸಿಗುವುದು ಎರಡು ತಿಂಗಳು ತಡವಾದರೂ ಒಂದು ವರ್ಷ ತುಂಬುವುದಿಲ್ಲ. ಅಮೆರಿಕದ ಸರ್ಕಾರಿ ಶಿಕ್ಷಣ ಸಾಲವೂ ಸಿಗುವುದಿಲ್ಲ, ಪ್ರೋಗ್ರಾಮ್ ನಡೆಯುವಾಗ ದುಡಿಯಲು ಬಿಡುವೂ ಇರುವುದಿಲ್ಲ.

ಬಳ್ಳಾರಿ_ಓಟಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಎಂ.ಎಸ್ಸಿ. ಅರ್ಜಿ ಸದ್ಯಕ್ಕೆ ಹಾಕಲ್ಲ. ಹಾಗಾದರೆ ಇಲ್ಲಿದ್ದುಕೊಂಡು ಈಗ ಏನು ಮಾಡಲಿ? ಮತ್ತೆ, ಡಾಕ್ಟರೇಟ್ ಆಗಿ ಊರಿಗೆ ವಾಪಸ್ ಬಂದರೆ?

ವೆಂಟಿಲೇಟರ್_ಪಕ್ಕ:

ವಾಪಸ್ ಬಂದರೆ ಇಲ್ಲಿ ಆ ಹುದ್ದೆಯೇ ಇಲ್ಲ ಸಿಸ್ಟರ್. ನಮ್ಮಲ್ಲಿ ಅರಿವಳಿಕೆ ಕೊಡುವುದು ವೈದ್ಯರು. ಊರು ಬಿಡುವ ಮನಸ್ಸಿಲ್ಲ ಅಂದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ನೋಡಿ. ರೆಸಿಡೆನ್ಸಿ ಮಾದರಿಯದು, ಹಾಸಿಗೆ ಪಕ್ಕದ ಕೆಲಸವೇ ಜಾಸ್ತಿ.

ಹೋಗುವುದೇ ಗಟ್ಟಿ ಅಂದರೆ ಓಟಿಯಿಂದ ಐಸಿಯುಗೆ ವರ್ಗ ಕೇಳಿ. ಇಲ್ಲಿನ ಐಸಿಯು ವರ್ಷ ಪ್ರೋಗ್ರಾಮ್‌ನ ಲೆಕ್ಕಕ್ಕೆ ಬಾರದಿದ್ದರೂ, ಅಲ್ಲಿನ ಆಸ್ಪತ್ರೆ ನಿಮ್ಮನ್ನು ವಾರ್ಡ್‌ಗೆ ಹಾಕದೆ ಐಸಿಯುಗೇ ತೆಗೆದುಕೊಳ್ಳುವುದು ಅದನ್ನು ನೋಡಿಯೇ. ನೇಮಕದ ಪತ್ರದಲ್ಲಿ ಯೂನಿಟ್ ಹೆಸರು ‘ಐಸಿಯು’ ಅಂತ ಸ್ಪಷ್ಟ ಬರೆಸಿಕೊಳ್ಳಿ.

ಇವತ್ತಿನಿಂದಲೇ ಬದಲಿಸಬಹುದಾದ ಅಭ್ಯಾಸ ಒಂದಿದೆ. ನಮ್ಮಲ್ಲಿ ಹ್ಯಾಂಡೋವರ್ (ಶಿಫ್ಟ್ ಬದಲಾಗುವಾಗ ರೋಗಿಯ ಮಾಹಿತಿ) ಕೊಡುವಾಗ ‘ನಾರ್‌ಅಡ್ರಿನಲಿನ್ 5 ಎಂಎಲ್‌ನಲ್ಲಿದೆ’ ಅಂತೀವಿ. ಅಲ್ಲಿ ಯಾರಿಗೂ ಅದು ಅರ್ಥವಾಗುವುದಿಲ್ಲ, ಡೋಸ್ ಹೇಳಬೇಕು. 70 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಅಂದರೆ ನಿಮಿಷಕ್ಕೆ 7, ಗಂಟೆಗೆ 420 ಮೈಕ್ರೋಗ್ರಾಂ. ನಮ್ಮ ಸಿರಿಂಜ್ ಪಂಪ್‌ನಲ್ಲಿ 50 ಎಂಎಲ್‌ಗೆ 4 ಮಿ.ಗ್ರಾಂ ಹಾಕಿದ್ದರೆ ಎಂಎಲ್‌ಗೆ 80 ಮೈಕ್ರೋಗ್ರಾಂ, ಓಡಬೇಕಾದದ್ದು ಗಂಟೆಗೆ 5.25 ಎಂಎಲ್. ಅದೇ 4 ಮಿ.ಗ್ರಾಂ 250 ಎಂಎಲ್ ಬ್ಯಾಗಿನಲ್ಲಿದ್ದರೆ ಎಂಎಲ್‌ಗೆ 16, ಓಡಬೇಕಾದದ್ದು 26.25. ಪ್ರತಿ ಶಿಫ್ಟ್‌ನಲ್ಲಿ ಒಬ್ಬ ರೋಗಿಯದಾದರೂ ಹೀಗೆ ಎರಡೂ ಕಡೆಯಿಂದ (ಡೋಸ್‌ನಿಂದ ಎಂಎಲ್‌ಗೆ, ಎಂಎಲ್‌ನಿಂದ ಡೋಸ್‌ಗೆ) ಲೆಕ್ಕ ಬಿಡಿಸಿ, ಹ್ಯಾಂಡೋವರ್‌ನಲ್ಲಿ ಡೋಸ್ ಹೇಳಿ, ಆಮೇಲೆ ಎಂಎಲ್ ಹೇಳಿ.