ಎಸ್‌ಕ್ಯೂಲೈಟ್ ಡೇಟಾಬೇಸಿನ ಪಕ್ಕದಲ್ಲಿ ಉಳಿದ ವಾಲ್, ಎಸ್‌ಎಚ್‌ಎಂ ಫೈಲುಗಳನ್ನು ಅಳಿಸಬಹುದೇ?

ಪ್ರಶ್ನೆ:
ನಮಸ್ಕಾರ. ಗ್ರಂಥಾಲಯವೊಂದರ ಪುಸ್ತಕಪಟ್ಟಿಯನ್ನು ಎಸ್‌ಕ್ಯೂಲೈಟ್‌ನಲ್ಲಿ ಇಟ್ಟಿದ್ದು, ತಿದ್ದುಪಡಿಗೆ ಡಿಬಿ ಬ್ರೌಸರ್ ಬಳಸುತ್ತೇವೆ. ಕರೆಂಟ್ ಹೋಗಿ ಕಂಪ್ಯೂಟರ್ ಏಕಾಏಕಿ ನಿಂತ ಮೇಲೆ ಫೋಲ್ಡರಿನಲ್ಲಿ 'ಪುಸ್ತಕ.ಡಿಬಿ' ಜೊತೆಗೆ 'ಪುಸ್ತಕ.ಡಿಬಿ-ವಾಲ್', 'ಪುಸ್ತಕ.ಡಿಬಿ-ಎಸ್‌ಎಚ್‌ಎಂ' ಎಂಬ ಎರಡು ಫೈಲುಗಳು ಉಳಿದಿವೆ. ಮುಖ್ಯ ಫೈಲನ್ನಷ್ಟೇ ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿ ನೋಡಿದರೆ ನಿನ್ನೆ ಸೇರಿಸಿದ ನಮೂದುಗಳು ಕಾಣುತ್ತಿಲ್ಲ. ಈ ಎರಡನ್ನೂ ತಾತ್ಕಾಲಿಕ ಫೈಲುಗಳೆಂದು ಅಳಿಸಿದರೆ ತೊಂದರೆಯಾಗುತ್ತದೆಯೇ?

ಉತ್ತರ 1:
ದಯವಿಟ್ಟು ಅಳಿಸಬೇಡಿ. ನಿಮ್ಮ ನಿನ್ನೆಯ ನಮೂದುಗಳು ಇರುವುದೇ ಆ ವಾಲ್ ಫೈಲಿನಲ್ಲಿ. ಎಸ್‌ಕ್ಯೂಲೈಟ್‌ನ 2010ರ 3.7.0 ಆವೃತ್ತಿಯಿಂದ ಇರುವ ಈ ವಾಲ್ (ರೈಟ್-ಅಹೆಡ್ ಲಾಗ್) ವಿಧಾನದಲ್ಲಿ, ಕಮಿಟ್ ಆದ, ಅಂದರೆ ಉಳಿಸಿದ ಬದಲಾವಣೆಯು ನೇರವಾಗಿ ಮುಖ್ಯ ಫೈಲಿಗೆ ಹೋಗದೆ ಮೊದಲು ವಾಲ್‌ನ ಕೊನೆಗೆ ಸೇರುತ್ತದೆ; ಅದು 1000 ಪುಟಗಳಷ್ಟು (ಪುಟವೆಂದರೆ ಡೇಟಾಬೇಸ್ ಫೈಲಿನ ಸಮಗಾತ್ರದ ತುಂಡು) ಬೆಳೆದಾಗ ಚೆಕ್‌ಪಾಯಿಂಟ್ ನಡೆದು ಮುಖ್ಯ ಫೈಲಿಗೆ ವರ್ಗವಾಗುತ್ತದೆ. ಪುಟವೊಂದಕ್ಕೆ 4096 ಬೈಟ್‌ನಂತೆ ಲೆಕ್ಕ ಹಾಕಿದರೆ ಇದು ಸುಮಾರು 4 ಎಂಬಿ. ಪುಸ್ತಕಪಟ್ಟಿಯ ಒಂದು ದಿನದ ಕೆಲಸ ಅಷ್ಟನ್ನು ಮುಟ್ಟುವುದು ಅಪರೂಪ. ಪ್ರೋಗ್ರಾಮುಗಳು ಡೇಟಾಬೇಸಿನೊಂದಿಗೆ ತೆರೆದ ಕೊನೆಯ ಸಂಪರ್ಕವನ್ನು ಸರಿಯಾಗಿ ಮುಚ್ಚಿದಾಗ ಎಸ್‌ಕ್ಯೂಲೈಟ್ ತಾನೇ ಚೆಕ್‌ಪಾಯಿಂಟ್ ಮುಗಿಸಿ ಎರಡೂ ಫೈಲುಗಳನ್ನು ತೆಗೆದುಹಾಕುತ್ತದೆ. ಕರೆಂಟ್ ಹೋದದ್ದರಿಂದ ಅದು ನಡೆಯಲಿಲ್ಲ, ಅಷ್ಟೆ. ಎಸ್‌ಎಚ್‌ಎಂನಲ್ಲಿರುವುದು ವಾಲ್‌ನ ಸೂಚಿ ಮಾತ್ರ. ಅದು ಇಲ್ಲದಿದ್ದರೂ ಮತ್ತೆ ಸಿದ್ಧವಾಗುತ್ತದೆ.

ಉತ್ತರ 2:
ಮೇಲಿನ ಮಾತು ಸರಿಯಾಗಿದೆ. ಮೊದಲು ಎಲ್ಲ ಪ್ರೋಗ್ರಾಮುಗಳನ್ನೂ ಮುಚ್ಚಿ, ಮೂರೂ ಫೈಲುಗಳನ್ನು ಹೆಸರು ಬದಲಿಸದೆ ಒಟ್ಟಿಗೆ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ; ಮುಖ್ಯ ಫೈಲಿನ ಹೆಸರು ಬದಲಾದರೆ ಅದರ ವಾಲ್ ಯಾವುದೆಂದು ಎಸ್‌ಕ್ಯೂಲೈಟ್‌ಗೆ ತಿಳಿಯುವುದಿಲ್ಲ. ಬಳಿಕ ಮೂಲವನ್ನು ತೆರೆದು 'ಪ್ರಾಗ್ಮಾ ವಾಲ್_ಚೆಕ್‌ಪಾಯಿಂಟ್(ಟ್ರಂಕೇಟ್)' ಎಂಬ, ಚೆಕ್‌ಪಾಯಿಂಟ್ ಮಾಡಿಸುವ ಆದೇಶವನ್ನು ಓಡಿಸಿ. ಫಲಿತಾಂಶದ ಮೊದಲ ಅಂಕಣದಲ್ಲಿ 0 ಬಂದರೆ ಕೆಲಸ ಮುಗಿದಂತೆ. 1 ಬಂದರೆ ಇನ್ನೊಂದು ಪ್ರೋಗ್ರಾಂ ಡೇಟಾಬೇಸನ್ನು ಹಿಡಿದುಕೊಂಡಿದೆ ಎಂದು ಅರ್ಥ. ಇನ್ನು ಮುಂದೆ ಬೇರೆಯವರಿಗೆ ಕಳುಹಿಸುವಾಗ, 2019ರ 3.27.0 ಆವೃತ್ತಿಯಲ್ಲಿ ಬಂದ 'ವ್ಯಾಕ್ಯೂಮ್ ಇನ್‌ಟು' ಆದೇಶದಿಂದ ಒಂದೇ ಫೈಲಿನ ಪ್ರತಿ ತೆಗೆಯುವುದೇ ನನ್ನ ದೃಷ್ಟಿಯಲ್ಲಿ ಉತ್ತಮ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು, ನಮೂದುಗಳೆಲ್ಲ ಮರಳಿ ಬಂದವು. ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ 'ಎಟಿಲ್ಕ್ಸ್_' ಎಂದು ಆರಂಭವಾಗುವ ಫೈಲುಗಳೂ ಇವೆ. ಅವುಗಳನ್ನೂ ಉಳಿಸಿಕೊಳ್ಳಬೇಕೇ?

ಉತ್ತರ 3:
ಬೇಕಿಲ್ಲ. ದೊಡ್ಡ ವಿಂಗಡಣೆಯಂಥ ಕೆಲಸಗಳಿಗೆ ಎಸ್‌ಕ್ಯೂಲೈಟ್ ಸೃಷ್ಟಿಸಿಕೊಳ್ಳುವ ಆ ಫೈಲುಗಳು ಸಂಪರ್ಕ ಮುಗಿದ ಮೇಲೆ ಯಾರಿಗೂ ಉಪಯೋಗವಿಲ್ಲ. ಎಲ್ಲ ಪ್ರೋಗ್ರಾಮುಗಳನ್ನು ಮುಚ್ಚಿ ಅಳಿಸಬಹುದು. ಮೊದಲು ಇವುಗಳ ಹೆಸರು ಎಸ್‌ಕ್ಯೂಲೈಟ್ ಎಂದೇ ಆರಂಭವಾಗುತ್ತಿತ್ತು. ಆಂಟಿವೈರಸ್ ತಂತ್ರಾಂಶವೊಂದು ಟೆಂಪ್ ಫೋಲ್ಡರಿನಲ್ಲಿ ಇಂಥ ಫೈಲುಗಳನ್ನು ತುಂಬತೊಡಗಿದಾಗ, ಬೇಸತ್ತ ಬಳಕೆದಾರರು ಎಸ್‌ಕ್ಯೂಲೈಟ್ ಅಭಿವರ್ಧಕರಿಗೇ ರಾತ್ರಿ ಹೊತ್ತು ಫೋನ್ ಮಾಡಿ ದೂರುತ್ತಿದ್ದರು. ಹಾಗಾಗಿ 2006ರಲ್ಲಿ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು (sqlite ಇದ್ದದ್ದನ್ನು etilqs ಎಂದು) ಹಿಂದುಮುಂದಾಗಿಸಿದರು. ಆದರೆ ಡೇಟಾಬೇಸಿನ ಪಕ್ಕದಲ್ಲಿ '-ಜರ್ನಲ್' ಎಂದು ಕೊನೆಗೊಳ್ಳುವ ಫೈಲು ಕಂಡರೆ ಮುಟ್ಟಬೇಡಿ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಹಿಂದಕ್ಕೆ ಮರಳಿಸಲು ಬೇಕಾದ ಹಳೆಯ ಪುಟಗಳು ಅದರಲ್ಲಿರುತ್ತವೆ; ಅದನ್ನು ಕಳೆದುಕೊಂಡರೆ ಡೇಟಾಬೇಸೇ ಕೆಡಬಹುದು.