ಅಪ್‌ಡೇಟ್: ಎಂಟು ಗಂಟೆಯೊಳಗಿನ ಊಟವೋ, ಮೂರು ಹೊತ್ತಿನ ಮಿತಾಹಾರವೋ?

ತೂಕ ಇಳಿಸಲು ದಿನದ ಎಂಟು ಗಂಟೆಯೊಳಗೆ ಮಾತ್ರ ಉಣ್ಣುವುದು ಮೇಲೋ, ಮೂರು ಹೊತ್ತೂ ಅಳತೆಯಲ್ಲಿ ಉಣ್ಣುವುದು ಮೇಲೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಾನು ಎರಡನೆಯದನ್ನು ಆರಿಸಿಕೊಂಡಿದ್ದೇನೆ.

ಈ ನಿರ್ಧಾರಕ್ಕೆ ಮುಖ್ಯ ಆಧಾರವಾದದ್ದು 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ, ಚೀನಾದ ಗುವಾಂಗ್‌ಝೌ ನಗರದ ಅಧ್ಯಯನ. ಬೊಜ್ಜಿದ್ದ 139 ಜನರಿಗೂ ಒಂದೇ ಬಗೆಯ ಕ್ಯಾಲೊರಿ ಮಿತಿಯನ್ನು, ಅಂದರೆ ದಿನಕ್ಕೆ ಪುರುಷರಿಗೆ 1500ರಿಂದ 1800, ಮಹಿಳೆಯರಿಗೆ 1200ರಿಂದ 1500 ಎಂದು ವಿಧಿಸಿ, ಅವರಲ್ಲಿ ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣುವಂತೆ ಮಾಡಲಾಗಿತ್ತು. ವರ್ಷದ ಕೊನೆಗೆ ಆ ಗುಂಪಿನವರ ತೂಕ ಸರಾಸರಿ 8 ಕಿಲೊ, ಉಳಿದವರದು 6.3 ಕಿಲೊ ಇಳಿದಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಗಣನೀಯ ಅಂತರವಲ್ಲ. ಕೆಲಸ ಮಾಡಿದ್ದು ಗಡಿಯಾರಕ್ಕಿಂತ ಹೆಚ್ಚಾಗಿ ತಟ್ಟೆಯ ಅಳತೆ ಎಂದೇ ನಾನು ಅರ್ಥಮಾಡಿಕೊಂಡಿದ್ದೇನೆ.

ಇದಕ್ಕೆ ಎದುರು ಸಾಕ್ಷ್ಯವೂ ಇದೆ. ಉಪವಾಸದ ಇನ್ನೊಂದು ಬಗೆಯಾದ, ವಾರದಲ್ಲಿ ಮೂರು ದಿನ ಆಹಾರವನ್ನು ಬಹಳವಾಗಿ ತಗ್ಗಿಸುವ ಕ್ರಮವನ್ನು ಪರೀಕ್ಷಿಸಿ, 2025ರಲ್ಲಿ ಪ್ರಕಟವಾದ ಅಮೆರಿಕದ ಕೊಲರಾಡೊ ಅಧ್ಯಯನದಲ್ಲಿ ಉಪವಾಸದ ಗುಂಪು ವರ್ಷದಲ್ಲಿ ಶೇ. 7.6ರಷ್ಟು, ನಿತ್ಯ ಮಿತಾಹಾರದ ಗುಂಪು ಶೇ. 5ರಷ್ಟು ತೂಕ ಕಳೆದುಕೊಂಡವು. ದಿನವೂ ಲೆಕ್ಕವಿಡುವುದು ಬೇಸರವೆನಿಸುವವರಿಗೆ ಆ ದಾರಿ ನಿಜಕ್ಕೂ ಒಗ್ಗಬಹುದು.

ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ರಾತ್ರಿಯ ಊಟಕ್ಕೆ ಮಾತ್ರ; ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಅನ್ನವನ್ನು ಕಡಿಮೆ ಮಾಡಿ, ಪಲ್ಯ, ಕಾಳು ಮತ್ತು ಮಜ್ಜಿಗೆಯನ್ನು ಹೆಚ್ಚಿಸಿದ್ದೇನೆ. ತೂಕ ನಿಧಾನವಾಗಿ ಇಳಿಯುತ್ತಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬೇಡಿ, ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.