ಕೆಲಸ ಕಲಿತ ಆಪರೇಟರ್‌ಗಳು ಎರಡೇ ವರ್ಷಕ್ಕೆ ಬಿಟ್ಟು ಹೋಗ್ತಾರೆ: ಸಣ್ಣ ಪ್ಲಾಂಟ್‌ನಲ್ಲಿ ಬಡ್ತಿಯ ದಾರಿ ಹಾಕೋದು ಹೇಗೆ?

ಗಿಣಿಗೇರಾ_ಎಚ್‌ಆರ್

ಕೊಪ್ಪಳದ ಹತ್ತಿರದ ಸ್ಪಾಂಜ್ ಐರನ್ ಘಟಕ. ದಿನಕ್ಕೆ 100 ಟನ್‌ನ ಎರಡು ಕಿಲ್ನ್ (ತಿರುಗುವ ಉದ್ದನೆಯ ಕುಲುಮೆ), ಖಾಯಂ ನೌಕರರು 160, ಗುತ್ತಿಗೆಯವರು ಬೇರೆ. ಸೇರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಐಟಿಐ, ಡಿಪ್ಲೊಮಾ ಹುಡುಗರು. ಕಂಟ್ರೋಲ್ ರೂಮ್ ಕೆಲಸ ಕೈಗೆ ಹತ್ತುವ ಹೊತ್ತಿಗೆ, ಅಂದರೆ 18ರಿಂದ 24 ತಿಂಗಳಿಗೆ, ತೋರಣಗಲ್ಲಿನ ದೊಡ್ಡ ಸ್ಟೀಲ್ ಪ್ಲಾಂಟ್ ಕಡೆ ಹೊರಡುತ್ತಾರೆ. ಅಲ್ಲಿ ತಿಂಗಳಿಗೆ 3–4 ಸಾವಿರ ಹೆಚ್ಚು. ಒಂದೇ ಸಲಕ್ಕೆ ಅಷ್ಟು ಏರಿಸಲು ಮಾಲೀಕರು ಒಪ್ಪುತ್ತಿಲ್ಲ.

ಕನ್ಸಲ್ಟಂಟ್ ಒಬ್ಬರು ಕರಿಯರ್ ಪಾತ್ ಅಂತ ಪಿಪಿಟಿ ಕೊಟ್ಟಿದ್ದಾರೆ. ಆಪರೇಟರ್‌ನಿಂದ ಜನರಲ್ ಮ್ಯಾನೇಜರ್‌ವರೆಗೆ 9 ಮೆಟ್ಟಿಲು. ನಮ್ಮಲ್ಲಿ ಶಿಫ್ಟ್ ಇನ್‌ಚಾರ್ಜ್ ಹುದ್ದೆಗಳೇ ನಾಲ್ಕು, ನಾಲ್ಕರಲ್ಲೂ ಜನ ಇದ್ದಾರೆ. ಖಾಲಿ ಕುರ್ಚಿ ಇಲ್ಲದ ಕಡೆ ಬಡ್ತಿಯ ದಾರಿ ಅಂದರೆ ಏನು? ಬಾಂಡ್ ಬರೆಸಿಕೊಂಡರೆ ಸಾಕಾ?

ಕೆಂಪು_ಧೂಳು

ಪಿಪಿಟಿ ಸದ್ಯಕ್ಕೆ ಬದಿಗಿಡಿ. ಕಳೆದ 24 ತಿಂಗಳಲ್ಲಿ ಬಿಟ್ಟವರ ಪಟ್ಟಿ ತೆಗೆಯಿರಿ. ನಾಲ್ಕು ಕಾಲಂ ಸಾಕು: ಕೆಲಸ, ಸೇರಿದ ದಿನ, ಕೊನೆಯ ಸಂಬಳ ಏರಿಕೆಯ ದಿನ, ಬಿಟ್ಟ ದಿನ. ಮೊದಲ ಆರು ತಿಂಗಳಲ್ಲೇ ಹೋದವರನ್ನು ಬೇರೆ ಮಾಡಿ. ಅವರು ಹೋಗುವುದು ಬಿಸಿ, ಧೂಳು, ರಾತ್ರಿ ಪಾಳಿಯ ಬಸ್ಸು, ಕ್ಯಾಂಟೀನ್ ಊಟಕ್ಕೆ. ಬಡ್ತಿಯ ದಾರಿ ಆ ರೋಗಕ್ಕೆ ಮದ್ದಲ್ಲ. ಒಂದೂವರೆ ವರ್ಷ ದಾಟಿ ಹೋದವರೇ ನಿಮ್ಮ ನಿಜವಾದ ಲೆಕ್ಕ. ಕೊನೆಯ ಏರಿಕೆಗೂ ರಾಜೀನಾಮೆಗೂ ನಡುವೆ ಎಷ್ಟು ತಿಂಗಳು ಅಂತ ನೋಡಿ. ಹತ್ತು ಹನ್ನೆರಡು ತಿಂಗಳು ಏನೂ ಆಗದೆ ಕಳೆದಿದ್ದರೆ, ಮುಂದೆ ಏನು ಅಂತ ಅವರಿಗೆ ಯಾರೂ ಹೇಳಿಲ್ಲ ಅಂತಲೇ ಅರ್ಥ.

ಇನ್ನು ಖಾಲಿ ಕುರ್ಚಿಯ ಪ್ರಶ್ನೆ. ಮೆಟ್ಟಿಲನ್ನು ಹುದ್ದೆಗೆ ಕಟ್ಟಬೇಡಿ, ಕೌಶಲಕ್ಕೆ ಕಟ್ಟಿ. ಕಿಲ್ನ್ ವಿಭಾಗಕ್ಕೆ ಐದು ಸಾಕು:

1. ಕೂಲರ್ ಡಿಸ್ಚಾರ್ಜ್, ಕನ್ವೇಯರ್, ಪ್ರಾಡಕ್ಟ್ ಹೌಸ್‌ನಲ್ಲಿ ಸುರಕ್ಷಿತವಾಗಿ ಕೆಲಸ.
2. ಫೀಡ್ ಕಡೆ ಮತ್ತು ಶೆಲ್ (ಕಿಲ್ನ್‌ನ ಉಕ್ಕಿನ ಹೊರಕವಚ) ಮೇಲಿನ ಏರ್ ಫ್ಯಾನ್‌ಗಳನ್ನು ಒಬ್ಬನೇ ನೋಡಿಕೊಳ್ಳುವುದು, ಥರ್ಮೋಕಪಲ್ (ಶಾಖ ಅಳೆಯುವ ಸಾಧನ) ಬದಲಾಯಿಸುವುದು.
3. ಇನ್ನೊಬ್ಬರ ಕಣ್ಗಾವಲಿನಲ್ಲಿ ಕಂಟ್ರೋಲ್ ರೂಮ್.
4. ಪೂರ್ತಿ ಪಾಳಿ ಸ್ವತಂತ್ರವಾಗಿ. ಉಷ್ಣತೆಯ ಚಾರ್ಟ್ ನೋಡಿ ಕಲ್ಲಿದ್ದಲು ಮತ್ತು ಗಾಳಿ ಸರಿಪಡಿಸುವುದು. ಕರೆಂಟ್ ಹೋದಾಗ ಆಕ್ಸಿಲರಿ ಡ್ರೈವ್‌ನಲ್ಲಿ (ತುರ್ತಿನ ಬದಲಿ ಚಾಲನೆ) ಕಿಲ್ನ್ ತಿರುಗಿಸುವುದು. ಇದರಲ್ಲಿ ತಡವಾದರೆ ಬಿಸಿ ಶೆಲ್ ಬಾಗುತ್ತದೆ, ಹಾಗಾಗಿ ಈ ಪರೀಕ್ಷೆಯಲ್ಲಿ ರಿಯಾಯಿತಿ ಬೇಡ.
5. ಲೈಟ್‌ಅಪ್ (ಆರಿದ ಕಿಲ್ನ್‌ಗೆ ಮತ್ತೆ ಬೆಂಕಿ ಹೊತ್ತಿಸುವುದು) ಮಾಡುವುದು, ಒಳಗೆ ರಿಂಗ್ (ಗೋಡೆಗೆ ಅಂಟಿ ಗಟ್ಟಿಯಾಗುವ ಪದರ) ಕಟ್ಟುವ ಸೂಚನೆಯನ್ನು ಮೊದಲೇ ಹಿಡಿಯುವುದು, ಇಬ್ಬರಿಗಾದರೂ ಕಲಿಸಿ ನಾಲ್ಕನೇ ಮೆಟ್ಟಿಲಿಗೆ ತರುವುದು.

ಐದನೇ ಮೆಟ್ಟಿಲಿಗೆ ಕುರ್ಚಿ ಬೇಕಿಲ್ಲ. ಒಂದು ಕಿಲ್ನ್‌ಗೆ ಮೂರು ಪಾಳಿ ಮತ್ತು ರಿಲೀವರ್ ಅಂತ ನಾಲ್ಕು ಜನ, ಎರಡಕ್ಕೆ ಎಂಟು. ಎಂಟೂ ಜನ ಐದಕ್ಕೆ ಬಂದರೂ ನಿಮಗೆ ನಷ್ಟವಿಲ್ಲ. ಶಿಫ್ಟ್ ಇನ್‌ಚಾರ್ಜ್ ದಾರಿ ನಾಲ್ಕರ ನಂತರ ಪಕ್ಕಕ್ಕೆ ಒಡೆಯಲಿ. ಜನ ಸಂಭಾಳಿಸುವ ಆಸೆ ಇದ್ದವನು ಆ ಕಡೆ, ಯಂತ್ರ ಬಿಡಲು ಮನಸ್ಸಿಲ್ಲದವನು ಈ ಕಡೆ. ಒಳ್ಳೆ ಆಪರೇಟರ್‌ನನ್ನು ಒತ್ತಾಯಕ್ಕೆ ಇನ್‌ಚಾರ್ಜ್ ಮಾಡಿ ಎರಡೂ ಕಳೆದುಕೊಳ್ಳುವುದು ಎಲ್ಲ ಕಡೆ ನಡೆಯುವ ತಪ್ಪು.

ಪ್ರತಿ ಮೆಟ್ಟಿಲಿಗೆ 8ರಿಂದ 12 ಕೆಲಸಗಳ ಪಟ್ಟಿ ಮಾಡಿ, ಮಾಡಿ ತೋರಿಸಿದ್ದಕ್ಕೆ ಸಹಿ. ಸಹಿ ಎರಡು ಇರಲಿ: ಅವನ ಇನ್‌ಚಾರ್ಜ್‌ದು ಒಂದು, ಬೇರೆ ಪಾಳಿಯ ಇನ್‌ಚಾರ್ಜ್‌ದು ಒಂದು. ಒಬ್ಬರದೇ ಸಹಿಯಾದರೆ ತಿಂಗಳೊಳಗೆ "ನಮ್ಮವನು, ನಿಮ್ಮವನು" ಶುರುವಾಗುತ್ತದೆ. ಪ್ರಶ್ನೆಗಳು ಕನ್ನಡದಲ್ಲಿ, ಬಾಯಿಮಾತಿನಲ್ಲಿ. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್. ಪಾಸಾಗದವನಿಗೆ ಯಾವ ಮೂರು ಕೆಲಸ ಬಾಕಿ ಅಂತ ಏಳು ದಿನದೊಳಗೆ ಬರೆದು ಕೊಡಿ, ಮೂರು ತಿಂಗಳಿಗೆ ಮರುಪರೀಕ್ಷೆ. "ಮುಂದಿನ ಸಲ ನೋಡೋಣ" ಅಂದರೆ ಅವನು ಬೇರೆ ಕಡೆ ನೋಡುತ್ತಾನೆ.

ಮಾಲೀಕರಿಗೆ ತೋರಿಸುವ ಲೆಕ್ಕ: ಮೆಟ್ಟಿಲಿಗೆ 1,000 ರೂ. ಇಟ್ಟರೆ, ವರ್ಷದಲ್ಲಿ 24 ಜನ ಒಂದೊಂದು ಏರಿದರೆ ತಿಂಗಳಿಗೆ 24,000, ವರ್ಷಕ್ಕೆ 2.88 ಲಕ್ಷ, ಮೇಲೆ ಪಿಎಫ್. ಇನ್ನೊಂದು ಕಡೆ, ಹೊಸಬನ ಕೈಯಲ್ಲಿ ಉಷ್ಣತೆ ಏರಿ ರಿಂಗ್ ಕಟ್ಟಿ ಒಂದು ಕಿಲ್ನ್ ಮೂರು ದಿನ ನಿಂತರೂ 300 ಟನ್ ಹೋಯಿತು. ಆರಿಸಿ, ತಣಿಸಿ, ಒಡೆದು, ಮತ್ತೆ ಲೈಟ್‌ಅಪ್ ಮಾಡುವುದು ಮೂರು ದಿನಕ್ಕೆ ಮುಗಿಯುವುದೂ ಇಲ್ಲ. ಟನ್‌ಗೆ ನಿಮ್ಮ ಮಾರ್ಜಿನ್ ಎಷ್ಟು ಅಂತ ಅವರಿಗೇ ಗೊತ್ತಿರುತ್ತದೆ, ಗುಣಿಸಲಿ.

ಸಂಬಳ_ಚೀಟಿ

ಮೇಲಿನದ್ದಕ್ಕೆ ಒಂದು ತಿದ್ದುಪಡಿ. ಪರೀಕ್ಷೆ ಏಪ್ರಿಲ್‌ನಲ್ಲಿ ಆಗಲಿ, ಸಂಬಳ ಏರಿಕೆ ಏಪ್ರಿಲ್ 1ರಿಂದ ಬೇಡ.

ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಸಂಬಳ ಮಿತಿ ತಿಂಗಳಿಗೆ 21,000. ಅದರ ವಂತಿಗೆ ಅವಧಿ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಇಎಸ್‌ಐ ಮುಂದುವರಿಯುತ್ತದೆ. ಅವಧಿಯ ಮೊದಲ ದಿನವೇ ದಾಟಿದ್ದರೆ ಅವತ್ತೇ ಹೊರಗೆ. ಅಂದರೆ 20,300 ಇರುವವನಿಗೆ 1,000 ಏರಿಕೆಯನ್ನು ಏಪ್ರಿಲ್ 1ಕ್ಕೆ ಕೊಟ್ಟರೆ ಬಡ್ತಿಯ ದಿನವೇ ಇಎಸ್‌ಐ ವಂತಿಗೆ ನಿಂತಿತು. ಮೇ 1ಕ್ಕೆ ಕೊಟ್ಟರೆ ಸೆಪ್ಟೆಂಬರ್ 30ರವರೆಗೆ ಉಳಿಯುತ್ತದೆ. ಅಕ್ಟೋಬರ್ ಪರೀಕ್ಷೆಯದು ನವೆಂಬರ್ 1ರಿಂದ. ಆ ಐದು ತಿಂಗಳಲ್ಲಿ ಗ್ರೂಪ್ ಆರೋಗ್ಯ ವಿಮೆ ಮಾಡಿಸಿ, ತಂದೆ ತಾಯಿಯನ್ನೂ ಸೇರಿಸಿ. ಇಎಸ್‌ಐ ತಪ್ಪಿದರೆ ಅವನ ಚೀಟಿಯಲ್ಲಿ ಉಳಿಯುವುದು 0.75 ಶೇಕಡಾ, ಅಂದರೆ ನೂರೈವತ್ತು ರೂಪಾಯಿ. ಮನೆಯಲ್ಲಿ ಡಯಾಲಿಸಿಸ್‌ನವರು ಇದ್ದರೆ ಆ ಬಡ್ತಿ ಅವನಿಗೆ ಶಿಕ್ಷೆ. ನಿಮಗೆ ಉಳಿಯುವ 3.25 ಶೇಕಡಾ ಪಾಲನ್ನು ವಿಮೆಯ ಕಂತಿಗೆ ಹಾಕಿ.

ಎಡವುವ ಎರಡನೇ ಗುಂಡಿ ಒಟಿ (ಓವರ್‌ಟೈಮ್). ಆಪರೇಟರ್ ಸಂಬಳ 20,800 ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100, ಒಟಿ ಎರಡು ಪಟ್ಟು ಅಂದರೆ 200. ತಿಂಗಳಿಗೆ 30 ಗಂಟೆ ಒಟಿ ಮಾಡಿದರೆ 6,000, ಒಟ್ಟು 26,800. ಅವನನ್ನು 23,000ಕ್ಕೆ ಶಿಫ್ಟ್ ಇನ್‌ಚಾರ್ಜ್ ಮಾಡಿ ಒಟಿ ನಿಲ್ಲಿಸಿದರೆ 3,800 ಕಡಿಮೆ ಆಯಿತು, ತಲೆಬಿಸಿ ಜಾಸ್ತಿ ಆಯಿತು. ಹಿಂದಿನ ಆರು ತಿಂಗಳ ಒಟಿ ಸರಾಸರಿ ತೆಗೆದು, ಅದನ್ನು ಸೇರಿಸಿಯೇ ಇನ್‌ಚಾರ್ಜ್ ಸಂಬಳ ಕಟ್ಟಿ. ಬರೀ ಹೆಸರು ಬದಲಿಸಿ, ಕೆಲಸ ಮೊದಲಿನದೇ ಮಾಡಿಸಿ ಒಟಿ ಉಳಿಸುವ ಬುದ್ಧಿವಂತಿಕೆ ಬೇಡ. ತಕರಾರು ಬಂದರೆ ನೋಡುವುದು ಪದನಾಮವನ್ನಲ್ಲ, ಮಾಡುವ ಕೆಲಸವನ್ನು.

ಶಿಫ್ಟ್_ಸಿ

ಮ್ಯಾಲಿನ ಇಬ್ರೂ ಸರಿ ಹೇಳ್ಯಾರ. ಒಂದು ಬಿಟ್ಟಾರ. ಮೆಟ್ಲ ನಿಮ್ಮ ಕಾಂಪೌಂಡಿನೊಳಗಷ್ಟ ನಡಿಯೋ ಕಾಗದ ಆಗಬಾರದ್ರಿ. ಸಂಡೂರ ಗಣಿ ಕಡೆ ನೋಡ್ರಿ, ಮೈನಿಂಗ್ ಮೇಟ್, ಫೋರ್‌ಮನ್, ಸೆಕೆಂಡ್ ಕ್ಲಾಸ್ ಮ್ಯಾನೇಜರ್ ಅಂತ ಸರ್ಕಾರದ ಪರೀಕ್ಷಾನ ಮೆಟ್ಲ ಆಗ್ಯಾವ. ಪರೀಕ್ಷಾಕ್ಕ ಕುಂಡ್ರಾಕ ಅನುಭವದ ಸರ್ಟಿಫಿಕೇಟ್ ಬೇಕು, ಅದನ್ನ ಕೊಡಾವ ಮಾಲಕ. ನಿಮ್ಮಲ್ಲಿ ವೇಸ್ಟ್ ಹೀಟ್ ಬಾಯ್ಲರ್ (ಕಿಲ್ನ್ ಬಿಸಿ ಗಾಳಿಯಿಂದ ಹಬಿ ಮಾಡೋದು) ಇದ್ರ ಬಾಯ್ಲರ್ ಅಟೆಂಡಂಟ್ ಸೆಕೆಂಡ್ ಕ್ಲಾಸ್, ಆಮ್ಯಾಗ ಫಸ್ಟ್ ಕ್ಲಾಸ್ ಹಾದಿ ಐತಿ. ಎಲೆಕ್ಟ್ರಿಕಲ್‌ನವ್ರಿಗೆ ಸೂಪರ್‌ವೈಸರ್ ಪರ್ಮಿಟ್. ಫೀ ನೀವು ಕಟ್ರಿ, ಓದಾಕ ನಾಕು ದಿನ ಸೂಟಿ ಕೊಡ್ರಿ, ಅನುಭವ ಪತ್ರ ಕೇಳಿದ ವಾರದಾಗ ಕೊಡ್ರಿ. "ಸರ್ಟಿಫಿಕೇಟ್ ಬಂದ್ರ ಓಡಿ ಹೋಗ್ತಾನ" ಅಂತ ಹೆದರಿ ಪತ್ರ ತಡದ್ರ, ಅವ ಸರ್ಟಿಫಿಕೇಟ್ ಇಲ್ದನ ಓಡಿ ಹೋಗ್ತಾನ. ಪಾಸ್ ಆದ ತಿಂಗಳದಾಗ ರೊಕ್ಕ ಏರಿಸ್ರಿ, ಮುಂದಿನ ಮೇ ತನಕ ಕಾಯಿಸಬ್ಯಾಡ್ರಿ.

ಸಣ್ಣ ಮಾತು: ಅಕ್ಟೋಬರ್‌ದಾಗ ತಪ್ಪಿದವ್ರ ಮರುಪರೀಕ್ಷಾ ಜನವರಿಗೆ ಬರ್ತದ. ಗವಿಮಠದ ಜಾತ್ರಿ ವಾರ ನೋಡ್ಕೊಂಡು ತಾರೀಖ ಹಾಕ್ರಿ, ಇಲ್ಲಾಂದ್ರ ಪರೀಕ್ಷಾ ಬರಿಯವ್ರೂ ಇರಂಗಿಲ್ಲ, ಹಿಡಿಯವ್ರೂ ಇರಂಗಿಲ್ಲ.

ಗುತ್ತಿಗಿ ಹುಡುಗ್ರಿಗೆ ಒಂದನೇ ಮೆಟ್ಲಕ್ಕ ಬಾಗ್ಲಾ ತೆರದಿಡ್ರಿ. ಬಾಜೂಕ ನಿಂತು ಅದ ಕೆಲ್ಸ ಮಾಡಾವ್ರು, ನೋಟಿಸ್ ಬೋರ್ಡ್ ಅವ್ರೂ ಓದ್ತಾರ.

ಗಿಣಿಗೇರಾ_ಎಚ್‌ಆರ್

ಧನ್ಯವಾದ. ಏಪ್ರಿಲ್ 1ರ ವಿಷಯ ನಮ್ಮ ಪೇರೋಲ್‌ನವರಿಗೂ ಹೊಳೆದಿರಲಿಲ್ಲ. ಬಾಂಡ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, 371ಜೆ ಮೀಸಲಾತಿ (ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲು) ಬಂದ ಮೇಲೆ ಅರ್ಧ ಹುಡುಗರು ಸರ್ಕಾರಿ ಪರೀಕ್ಷೆಗೆ ಓದುತ್ತಲೇ ಇರುತ್ತಾರೆ. ಅವರನ್ನು ಹಿಡಿಯುವುದು ಹೇಗೆ?

ಸಂಬಳ_ಚೀಟಿ

ಬಾಂಡ್: ಕೆಲಸದಲ್ಲಿ ಇರುವ ಅವಧಿಗೆ ಸೀಮಿತವಾದ ಬಾಂಡ್ ತಾನಾಗಿಯೇ ಅಸಿಂಧುವಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ವಲಯದ ಬ್ಯಾಂಕೊಂದರ ಮೂರು ವರ್ಷ, 2 ಲಕ್ಷದ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಅದು ಅಧಿಕಾರಿ ಹುದ್ದೆ, ನೇಮಕಾತಿಗೆ ದೊಡ್ಡ ಖರ್ಚಾಗುವ ಸಂಸ್ಥೆ. 18,000ದ ಆಪರೇಟರ್ ಮೇಲೆ ಅದೇ ಅಂಕಿ ಹಾಕಿದರೆ ನಿಲ್ಲುತ್ತದೆ ಅಂತ ನಂಬಬೇಡಿ. ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಮಾತ್ರ. ಹೊರಗಿನ ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ, ರಸೀದಿ ಇಟ್ಟುಕೊಂಡು, ತಿಂಗಳು ತಿಂಗಳು ಇಳಿಯುವಂತೆ 12 ತಿಂಗಳ ಬಾಂಡ್ ಬರೆಸಿ. ಅಸಲು ಮಾರ್ಕ್ಸ್ ಕಾರ್ಡ್ ತೆಗೆದಿಟ್ಟುಕೊಳ್ಳುವ ಪದ್ಧತಿ ಇದ್ದರೆ ಇವತ್ತೇ ವಾಪಸ್ ಕೊಡಿ.

ಕೆಂಪು_ಧೂಳು

ಸರ್ಕಾರಿ ನೌಕರಿ ಸಿಕ್ಕವನನ್ನು ಯಾವ ಮೆಟ್ಟಿಲೂ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಅದನ್ನು ಲೆಕ್ಕದಲ್ಲೇ ಸೇರಿಸಿಕೊಳ್ಳಿ. ನಾಲ್ಕನೇ ಮೆಟ್ಟಿಲಿನವರು ಎಂಟು ಬೇಕಾದರೆ ಹನ್ನೊಂದು ಜನರನ್ನು ತಯಾರು ಮಾಡಿ; ಹೆಚ್ಚಿನ ಮೂವರು ಮೂರನೇ ಮೆಟ್ಟಿಲಿನ ಕೆಲಸದಲ್ಲೇ ಇರಲಿ, ತಿಂಗಳಿಗೆ ಎರಡು ಪಾಳಿ ಕಂಟ್ರೋಲ್ ರೂಮ್‌ನಲ್ಲಿ ಕೂರಲಿ, ಇಲ್ಲದಿದ್ದರೆ ಕಲಿತದ್ದು ಮರೆಯುತ್ತದೆ. ಪರೀಕ್ಷೆ ಬರೆಯಲು ರಜೆ ಕೇಳಿದವನಿಗೆ ಮುಖ ಗಂಟು ಹಾಕದೆ ಕೊಡಿ. ಆಗ ಆಯ್ಕೆಯಾದವನು ತಿಂಗಳು ಮೊದಲೇ ಹೇಳುತ್ತಾನೆ. ಮುಚ್ಚಿಟ್ಟುಕೊಂಡವನು ಹೋಗುವುದು ರಾತ್ರಿ ಪಾಳಿಗೆ ಗೈರಾಗಿಯೇ.